ಮಗಳ ಬೆನ್ನು 48 ಡಿಗ್ರಿ ಬಾಗಿದೆ, ಆಪರೇಷನ್ ಮಾಡಿಸಲೇಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಹದಿಮೂರೂವರೆ ವರ್ಷ. ಕಳೆದ ವರ್ಷ ಯೂನಿಫಾರ್ಮ್ ಅಳತೆ ತೆಗೆಯುವಾಗ ಟೈಲರ್ ಅಕ್ಕ "ಬಲಗಡೆ ಹೆಗಲು ಮೇಲಿದೆಯಲ್ಲ" ಅಂದರು. ಎಕ್ಸ್‌ರೇ ತೆಗೆಸಿದಾಗ ಸ್ಕೋಲಿಯೋಸಿಸ್, 36 ಡಿಗ್ರಿ ಅಂತ ಬಂತು. ಅಲ್ಲಿನ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದು, ಯೋಗ ಮಾಡಲಿ, ಬೆಳೀತಾ ಸರಿಹೋಗುತ್ತೆ ಅಂದರು. ಎಂಟು ತಿಂಗಳಾದ ಮೇಲೆ ಈಗ 48 ಡಿಗ್ರಿ ಇದೆ. ಎದೆಯ ಭಾಗದಲ್ಲಿ ಬಲಕ್ಕೆ ಬಾಗಿದೆಯಂತೆ, ಸೊಂಟದ ಹತ್ತಿರ ಎಡಕ್ಕೆ 26 ಡಿಗ್ರಿ. ಅವಳು ದೊಡ್ಡವಳಾಗಿ ಐದು ತಿಂಗಳಾಯಿತು. ಬೆಂಗಳೂರಿನ ಸ್ಪೈನ್ ಸರ್ಜನ್ ರಾಡು, ಸ್ಕ್ರೂ ಹಾಕಿ ಆಪರೇಷನ್ ಮಾಡಬೇಕು ಅಂತಾರೆ. ಆದರೆ ಅವಳಿಗೆ ನೋವೇ ಇಲ್ಲ, ಭರತನಾಟ್ಯ ಕಲಿಯುತ್ತಿದ್ದಾಳೆ. ಆಪರೇಷನ್ ಆದರೆ ಕಾಲಿನ ಸ್ವಾಧೀನ ಹೋಗುತ್ತೆ ಅಂತ ನಮ್ಮ ಯಜಮಾನರು ಹೆದರಿದ್ದಾರೆ. ನಾಟಿ ವೈದ್ಯರ ಹತ್ತಿರ ಎಳೆಸಿ ಕೂರಿಸೋಣ ಅಂತ ಅತ್ತೆ ಹೇಳುತ್ತಾರೆ. ಮುಂದೆ ಮದುವೆ, ಹೆರಿಗೆ ಏನಾಗುತ್ತೋ? ಭಾರದ ಸ್ಕೂಲ್ ಬ್ಯಾಗ್ ಹೊರಿಸಿದ್ದು ನನ್ನ ತಪ್ಪಾ? ಹತ್ತು ವರ್ಷದ ಚಿಕ್ಕ ಮಗಳಿಗೂ ಬರಬಹುದಾ?
(ಹಾಸನ ಜಿಲ್ಲೆಯ ಒಬ್ಬ ತಾಯಿ, ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ನಿಮ್ಮನ್ನು ಒಳಗೊಳಗೇ ಕೊರೆಯುತ್ತಿರುವ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇದು ನಿಮ್ಮ ತಪ್ಪಲ್ಲ. ಬ್ಯಾಗಿನ ಭಾರಕ್ಕೆ ಬೆನ್ನುಮೂಳೆ ಹೀಗೆ ಬಾಗುವುದಿಲ್ಲ. ಕೂಸಿದ್ದಾಗ ಸೊಂಟದ ಮೇಲೆ ಕೂರಿಸಿಕೊಂಡಿದ್ದು, ಒಂದೇ ಮಗ್ಗುಲಲ್ಲಿ ಮಲಗಿಸಿದ್ದು, ಮೊಬೈಲ್ ಹಿಡಿದು ಬಗ್ಗಿ ಕೂತಿದ್ದು, ಹಾಲು ಕುಡಿಯಲ್ಲ ಅಂತ ಹಟ ಮಾಡಿದ್ದು, ಇವು ಯಾವುವೂ ಕಾರಣ ಅಲ್ಲ. ಭಾರದ ಬ್ಯಾಗಿನಿಂದ ಬೆನ್ನು, ಕುತ್ತಿಗೆ ನೋಯಬಹುದು. ಆದರೆ ಅದು ಬೇರೆಯೇ ತೊಂದರೆ. ಕ್ಯಾಲ್ಸಿಯಂ ಕಡಿಮೆಯಾಗಿ ಬಂದಿದ್ದೂ ಅಲ್ಲ, ಕ್ಯಾಲ್ಸಿಯಂ ಕೊಟ್ಟರೆ ಹೋಗುವುದೂ ಅಲ್ಲ.

ಹತ್ತು ವರ್ಷ ದಾಟಿದ ಮೇಲೆ, ಮಕ್ಕಳು ಸರ್ರನೆ ಎತ್ತರ ಬೆಳೆಯುವ ಕಾಲದಲ್ಲಿ ಕಾಣಿಸಿಕೊಳ್ಳುವ ಈ ಬಾಗು ನೂರರಲ್ಲಿ ಎರಡು ಮೂರು ಮಕ್ಕಳಿಗೆ ಇರುತ್ತದೆ. ಮಿಕ್ಕಂತೆ ಅವರು ಪೂರ್ತಿ ಆರೋಗ್ಯವಾಗಿರುತ್ತಾರೆ. ಹೆಚ್ಚಿನವರದು ಸಣ್ಣ ಬಾಗು, ಚಿಕಿತ್ಸೆಯೇ ಬೇಡ. 40 ಡಿಗ್ರಿ ದಾಟುವುದು ಸುಮಾರು ಸಾವಿರಕ್ಕೆ ಒಬ್ಬರಿಗೆ, ಅವರಲ್ಲೂ ಹೆಣ್ಣುಮಕ್ಕಳೇ ಜಾಸ್ತಿ. ಮನೆತನದಲ್ಲಿ ಹರಿದು ಬರುವ ಜೀನ್‌ಗಳ ಕೈವಾಡ ಇರುವುದು ಗೊತ್ತಾಗಿದೆ. ಒಂದು ಜೀನ್ ಅಲ್ಲ, ಹಲವು ಸೇರಿ. ಹಾಗಂತ ನಿಮ್ಮ ಕಡೆಯಿಂದ ಬಂತಾ, ಅವರ ಕಡೆಯಿಂದ ಬಂತಾ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಅದರಿಂದ ಜಗಳ ಬಿಟ್ಟು ಬೇರೇನೂ ಹುಟ್ಟುವುದಿಲ್ಲ.

ಇನ್ನು ಆ ಡಿಗ್ರಿ ಲೆಕ್ಕ. ಕತ್ತಿನಿಂದ ಸೊಂಟದವರೆಗೆ ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ, ಬಾಗಿನ ಮೇಲಿನ ತುದಿಯ ಮೂಳೆಗೂ ಕೆಳಗಿನ ತುದಿಯ ಮೂಳೆಗೂ ಗೆರೆ ಎಳೆದು ನಡುವಿನ ಕೋನ ಅಳೆಯುತ್ತೇವೆ. ನ್ಯೂಯಾರ್ಕಿನ ಜಾನ್ ಕಾಬ್ 1948ರಲ್ಲಿ ಹೇಳಿಕೊಟ್ಟ ವಿಧಾನ. ಇಂದಿಗೂ ಅದೇ ನಡೆಯುತ್ತಿದೆ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದನ್ನು ಸ್ಕೋಲಿಯೋಸಿಸ್ ಅನ್ನುವುದೇ ಇಲ್ಲ. ಒಂದೇ ಫಿಲ್ಮನ್ನು ಇಬ್ಬರು ಅಳೆದರೆ ಮೂರರಿಂದ ಐದು ಡಿಗ್ರಿ ಆಚೀಚೆ ಬರುತ್ತದೆ. ಹಾಗಾಗಿ 36 ಇದ್ದದ್ದು 39 ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಿಮ್ಮ ಮಗಳದು ಎಂಟು ತಿಂಗಳಲ್ಲಿ ಹನ್ನೆರಡು ಡಿಗ್ರಿ ಏರಿದೆ. ಇದು ಅಳತೆಯ ಏರುಪೇರಲ್ಲ, ಬಾಗು ನಿಜವಾಗಿಯೂ ಓಡುತ್ತಿದೆ.

ಎಕ್ಸ್‌ರೇಯಲ್ಲಿ ಪಕ್ಕಕ್ಕೆ ಬಾಗಿದಂತೆ ಕಾಣುವ ಬೆನ್ನುಮೂಳೆ ಒಳಗೆ ಸುತ್ತು ಮೆಟ್ಟಿಲಿನ ಹಾಗೆ ತಿರುಚಿಕೊಂಡೂ ಇರುತ್ತದೆ. ಅದರ ಜತೆ ಪಕ್ಕೆಲುಬು ಹಿಂದಕ್ಕೆ ಬರುತ್ತವೆ. ಟೈಲರ್ ಅಕ್ಕನ ಕಣ್ಣಿಗೆ ಬಿದ್ದದ್ದು ಇದರದ್ದೇ ಗುರುತು. ನಾಟಿ ವೈದ್ಯರ ಕೈಯಲ್ಲಿ ಇದು ಸರಿಹೋಗದಿರುವುದಕ್ಕೂ ಇದೇ ಕಾರಣ. ಇಲ್ಲಿ ಕೀಲು ತಪ್ಪಿಲ್ಲ, ನರ ಹಿಡಿದಿಲ್ಲ. ಬೆಳೆಯುತ್ತಿರುವ ಮೂಳೆಗಳ ಆಕಾರವೇ ಬದಲಾಗಿದೆ. ಎಳೆದಾಗ ನೆಟ್ಟಗಾದ ಹಾಗೆ ಕಾಣುತ್ತದೆ, ಎದ್ದು ನಿಂತರೆ ಮತ್ತೆ ಅಷ್ಟೇ. ಎಣ್ಣೆ ಹಚ್ಚಿ ತಿಕ್ಕುವುದರಿಂದ ನಷ್ಟವಿಲ್ಲ. ಆದರೆ ಬೆನ್ನು ಮುರಿದ ಹಾಗೆ ತಿರುವಿ, ಲಟಕ್ಕೆನಿಸಿ ಎಳೆಯುವುದಕ್ಕೆ ದಯವಿಟ್ಟು ಬಿಡಬೇಡಿ. ಅತ್ತೆಯವರಿಗೆ ಎರಡೂ ಎಕ್ಸ್‌ರೇ ಪಕ್ಕಪಕ್ಕ ಇಟ್ಟು ತೋರಿಸಿ. ನನ್ನ ಹತ್ತಿರ ಬರುವ ಮನೆಗಳಲ್ಲಿ ಮಾತಿಗಿಂತ ಆ ಎರಡು ಫಿಲ್ಮೇ ಬೇಗ ಕೆಲಸ ಮಾಡುತ್ತವೆ.

ಯೋಗದ ವಿಷಯದಲ್ಲಿ ನನಗೆ ವಿರೋಧ ಇಲ್ಲ. ಬೆನ್ನಿನ ಸ್ನಾಯು ಗಟ್ಟಿಯಾಗುತ್ತದೆ, ಉಸಿರಾಟಕ್ಕೂ ಒಳ್ಳೆಯದು. ಈ ಬಾಗಿಗೆಂದೇ ಜರ್ಮನಿಯ ಕ್ಯಾಥರೀನಾ ಶ್ರೋತ್ ನೂರು ವರ್ಷದ ಹಿಂದೆ ರೂಪಿಸಿದ ವ್ಯಾಯಾಮಗಳೂ ಇವೆ. ತಿಳಿದ ಫಿಸಿಯೋಥೆರಪಿಸ್ಟ್ ಕಲಿಸಿದರೆ ಸಣ್ಣ ಬಾಗಿಗೆ ಅಷ್ಟೋ ಇಷ್ಟೋ ಸಹಾಯವಾಗಬಹುದು. 48 ಡಿಗ್ರಿಯನ್ನು ಇಳಿಸುವ ವ್ಯಾಯಾಮ ಮಾತ್ರ ಯಾವುದೂ ಇಲ್ಲ.

"ನೋವೇ ಇಲ್ಲವಲ್ಲ" ಅಂದಿರಿ. ಈ ವಯಸ್ಸಿನ ಸ್ಕೋಲಿಯೋಸಿಸ್ ಸಾಮಾನ್ಯವಾಗಿ ಹಾಗೇ, ಸದ್ದಿಲ್ಲದೆ ಬೆಳೆಯುತ್ತದೆ. ನಿಜ ಹೇಳಬೇಕೆಂದರೆ, ನಿದ್ದೆಯಿಂದ ಎಬ್ಬಿಸುವಂಥ ನೋವಿದ್ದರೆ ನಾವು ಜಾಸ್ತಿ ಗಾಬರಿ ಬೀಳುತ್ತೇವೆ, ಒಳಗೆ ಬೇರೇನೋ ಇದೆಯಾ ಅಂತ ಹುಡುಕುತ್ತೇವೆ. ಎದೆಯ ಭಾಗದ ಬಾಗು ಬಲಕ್ಕಿರುವುದೇ ವಾಡಿಕೆ, ನಿಮ್ಮ ಮಗಳದೂ ಹಾಗೇ ಇದೆ. ಎಡಕ್ಕಿದ್ದರೆ, ಕಾಲಲ್ಲಿ ಶಕ್ತಿ ಕಡಿಮೆಯಾಗಿದ್ದರೆ, ಹೊಕ್ಕುಳ ಸುತ್ತ ಗೀರಿದಾಗ ಹೊಟ್ಟೆಯ ಸ್ನಾಯು ಎರಡು ಕಡೆ ಒಂದೇ ರೀತಿ ಸೆಳೆಯದಿದ್ದರೆ, ಬಾಗು ತೀರಾ ವೇಗವಾಗಿ ಏರಿದರೆ ಎಂಆರ್‌ಐ ಬೇಕೇ ಬೇಕು. ಬೆನ್ನುಮೂಳೆಯ ನಡುವೆ ಹಾದುಹೋಗುವ ನರದ ಹುರಿ, ಅಂದರೆ ಮಿದುಳುಬಳ್ಳಿಯೊಳಗೆ ನೀರು ತುಂಬಿಕೊಂಡು ಅದರಿಂದ ಬೆನ್ನು ಬಾಗಿರುವ ಮಕ್ಕಳೂ ಇರುತ್ತಾರೆ. ನಿಮ್ಮ ಮಗಳ ವೇಗ ನೋಡಿದರೆ ಆಪರೇಷನ್‌ಗೆ ಮೊದಲು ಒಂದು ಎಂಆರ್‌ಐ ಮಾಡಿಸುವುದು ಒಳ್ಳೆಯದು. ಮಾಡಿಸಿಲ್ಲದಿದ್ದರೆ ಕೇಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಥ ಬಾಗಿಗೆ ಏನು ಮಾಡಬೇಕು ಅನ್ನುವುದು ಎರಡೇ ಮಾತಿನ ಮೇಲೆ ನಿಂತಿದೆ: ಎಷ್ಟು ಡಿಗ್ರಿ ಇದೆ, ಇನ್ನೆಷ್ಟು ಬೆಳವಣಿಗೆ ಬಾಕಿ ಇದೆ. ಇವತ್ತು ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ನೋವಿದೆಯಾ ಇಲ್ಲವಾ ಅನ್ನುವುದು ಆಮೇಲಿನ ಮಾತು. ಹೆಣ್ಣುಮಕ್ಕಳು ಮೈನೆರೆಯುವುದಕ್ಕೆ ಸ್ವಲ್ಪ ಮುಂಚೆ ಅತಿ ಜೋರಾಗಿ ಬೆಳೆಯುತ್ತಾರೆ, ಆಮೇಲೆ ಸುಮಾರು ಎರಡು ವರ್ಷ ನಿಧಾನವಾಗಿ. ನಿಮ್ಮ ಮಗಳಿಗೆ ಐದೇ ತಿಂಗಳಾಗಿದೆ. ಅಂದರೆ ಬಾಗು ಇನ್ನೂ ಏರಲು ಸಮಯ ಇದೆ. ಇದನ್ನು ಸೊಂಟದ ಮೂಳೆಯ ಅಂಚು ಎಷ್ಟು ಬಲಿತಿದೆ, ಕೈಯ ಎಕ್ಸ್‌ರೇಯಲ್ಲಿ ಬೆರಳ ಮೂಳೆಗಳು ಎಷ್ಟು ಕೂಡಿಕೊಂಡಿವೆ ಅಂತ ನೋಡಿ ಖಚಿತ ಮಾಡಿಕೊಳ್ಳುತ್ತೇವೆ. ಬೆನ್ನಿಗೆ ಬಂದರೆ ಕೈಯ ಎಕ್ಸ್‌ರೇ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಇದಕ್ಕೇ.

25ರಿಂದ 40 ಡಿಗ್ರಿ ಇದ್ದು, ಬೆಳವಣಿಗೆ ಬಾಕಿ ಇರುವಾಗ ಬೆಲ್ಟ್, ಅಂದರೆ ಬ್ರೇಸ್, ಕೆಲಸ ಮಾಡುತ್ತದೆ. ಇದು ಬರೀ ನಂಬಿಕೆ ಅಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72 ಮಕ್ಕಳ ಬಾಗು 50 ಡಿಗ್ರಿ ಮುಟ್ಟಲಿಲ್ಲ. ಸುಮ್ನೆ ಕಾದು ನೋಡಿದವರಲ್ಲಿ ಹಾಗೆ ಪಾರಾದವರು ನೂರಕ್ಕೆ 48. ದಿನಕ್ಕೆ 13 ತಾಸಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಹಾಕಿಕೊಂಡವರಲ್ಲಂತೂ ಹತ್ತರಲ್ಲಿ ಒಂಬತ್ತು ಮಂದಿ ಪಾರಾದರು. 36 ಡಿಗ್ರಿ ಇದ್ದಾಗ ನಿಮ್ಮ ಮಗಳಿಗೆ ಬ್ರೇಸ್ ಹೇಳಬೇಕಿತ್ತು. ಅದು ಆಗಲಿಲ್ಲ. ಹೇಳಿದ್ದರೂ ಇಷ್ಟು ಚುರುಕಾಗಿ ಓಡುವ ಬಾಗು ನಿಲ್ಲುತ್ತಿತ್ತು ಅನ್ನುವ ಗ್ಯಾರಂಟಿ ಇರಲಿಲ್ಲ. ಅದನ್ನೇ ನೆನೆದು ಈಗ ಕೊರಗಬೇಡಿ. 48ರಲ್ಲಿ ಬ್ರೇಸ್ ಹಾಕಿದರೆ ಏನು ಅಂತ ನೀವು ಕೇಳಬಹುದು. ಹಾಕಬಹುದು. ಆದರೆ ಗೆಲ್ಲುವ ಸಾಧ್ಯತೆ ಕಡಿಮೆ. ಬಿಸಿಲಿಗೆ ಬೆವರುತ್ತಾ, ಕ್ಲಾಸಿನಲ್ಲಿ ಮುಜುಗರಪಡುತ್ತಾ ಒಂದೂವರೆ ವರ್ಷ ಪ್ಲಾಸ್ಟಿಕ್ ಕವಚ ತೊಟ್ಟ ಮೇಲೂ ಆಪರೇಷನ್‌ಗೇ ಬರುವ ಹಾಗಾದರೆ ಮಗುವಿಗೆ ಅನ್ಯಾಯ ಅಲ್ವಾ?

ಏನೂ ಮಾಡದೆ ಬಿಟ್ಟರೆ? ಜೀವಕ್ಕೇನೂ ಅಪಾಯವಿಲ್ಲ. ಅಮೆರಿಕದ ಅಯೋವಾ ರಾಜ್ಯದ ವೈದ್ಯರು ಚಿಕಿತ್ಸೆ ಪಡೆಯದ ಇಂಥ ಮಕ್ಕಳನ್ನು ಐವತ್ತು ವರ್ಷ ಹಿಂಬಾಲಿಸಿ ನೋಡಿದ್ದಾರೆ. ಅವರಲ್ಲಿ ಹೆಚ್ಚಿನವರು ಕೆಲಸ ಮಾಡಿಕೊಂಡು, ಸಂಸಾರ ಮಾಡಿಕೊಂಡು ಬಾಳಿದ್ದಾರೆ. ಬೆನ್ನುನೋವು ಉಳಿದವರಿಗಿಂತ ಜಾಸ್ತಿ ಇತ್ತು, ಮೈಯ ಆಕಾರದ ಬಗ್ಗೆ ಬೇಜಾರೂ ಇತ್ತು. ಆದರೆ ಅದೇ ಅಧ್ಯಯನಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಬೆಳವಣಿಗೆ ನಿಂತಾಗ 50 ಡಿಗ್ರಿ ದಾಟಿದ ಎದೆಯ ಬಾಗು ಅಲ್ಲಿಗೇ ನಿಲ್ಲುವುದಿಲ್ಲ. ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರುತ್ತಾ ಹೋಗುತ್ತದೆ. ನಿಮ್ಮ ಮಗಳು ಈ ವೇಗದಲ್ಲಿ 60ಕ್ಕೆ ಮುಟ್ಟಿ ನಿಂತಳು ಅಂದುಕೊಳ್ಳಿ. ನಲವತ್ತು ವರ್ಷ ಆಗುವಷ್ಟರಲ್ಲಿ 80ರ ಆಸುಪಾಸು. ಅಲ್ಲಿಂದಾಚೆ ಶ್ವಾಸಕೋಶಕ್ಕೆ ಜಾಗ ಸಾಲದೆ ಮೆಟ್ಟಿಲು ಹತ್ತಿದರೆ ಏದುಸಿರು ಬರಬಹುದು. ಆಗ ಆಪರೇಷನ್ ಮಾಡಿಸೋಣ ಅಂದರೆ ಬೆನ್ನು ಬಿಗಿದುಕೊಂಡಿರುತ್ತದೆ, ಜಾಸ್ತಿ ಮೂಳೆ ಬೆಸೆಯಬೇಕಾಗುತ್ತದೆ, ತೊಡಕೂ ಜಾಸ್ತಿ.

ಅದಕ್ಕೇ 45-50 ಡಿಗ್ರಿ ಮುಟ್ಟಿ ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ನಾವು ಆಪರೇಷನ್ ಮಾತು ತೆಗೆಯುವುದು. ನಾನು ನಿಮ್ಮ ಫಿಲ್ಮ್ ನೋಡಿಲ್ಲ, ಹುಡುಗಿಯನ್ನು ಪರೀಕ್ಷೆ ಮಾಡಿಲ್ಲ. ನೀವು ಬರೆದದ್ದರ ಮೇಲೆ ಹೇಳುವುದಾದರೆ, ಬೆಂಗಳೂರಿನ ಸರ್ಜನ್ ಹೇಳಿದ್ದು ಸರಿ ಅನಿಸುತ್ತದೆ. ನನ್ನ ಮನೆಯ ಮಗುವಾಗಿದ್ದರೂ ಮಾಡಿಸಿ ಅನ್ನುತ್ತಿದ್ದೆ. ಆದರೆ ಇದು ನಾಳೆಯೇ ಓಡಬೇಕಾದ ತುರ್ತು ಅಲ್ಲ. ಇನ್ನೊಬ್ಬ ಸ್ಪೈನ್ ಸರ್ಜನ್ನರ ಅಭಿಪ್ರಾಯ ತೆಗೆದುಕೊಳ್ಳಿ. ಎರಡು ಮೂರು ತಿಂಗಳಲ್ಲಿ ತೀರ್ಮಾನ ಆಗಲಿ. ಬೇಸಿಗೆ ರಜೆ ಬರಲಿ ಅಂತ ವರ್ಷವಿಡೀ ಕಾಯುವುದು ಬೇಡ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತದೆ. ಬೋರಲು ಮಲಗಿಸಿ, ಬೆನ್ನಿನ ನಡುವೆ ಉದ್ದಕ್ಕೆ ಕೊಯ್ದು, ಸ್ನಾಯುಗಳನ್ನು ಪಕ್ಕಕ್ಕೆ ಸರಿಸುತ್ತಾರೆ. ಬಾಗಿನೊಳಗಿನ ಮೂಳೆಗಳಿಗೆ ಎಡಬಲ ಸ್ಕ್ರೂ ಕೂರಿಸುತ್ತಾರೆ. ಮೂಳೆ ಮೂಳೆ ಸೇರುವ ಪುಟ್ಟ ಕೀಲುಗಳನ್ನು ತೆಗೆದು, ಆ ಚೂರುಗಳನ್ನೇ ಅಲ್ಲಿ ಹರಡುತ್ತಾರೆ. ಆಮೇಲೆ ಎರಡು ರಾಡು ತೂರಿಸಿ, ನಿಧಾನಕ್ಕೆ ತಿರುಗಿಸಿ, ಬಾಗನ್ನೂ ತಿರುಚನ್ನೂ ತಗ್ಗಿಸಿ ಬಿಗಿಯುತ್ತಾರೆ. ಆರು ತಿಂಗಳಿಂದ ಒಂದು ವರ್ಷದಲ್ಲಿ ಅಷ್ಟೂ ಮೂಳೆ ಒಂದಾಗಿ ಬೆಸೆದುಕೊಳ್ಳುತ್ತದೆ. ಅಲ್ಲಿಯವರೆಗೆ ಹಿಡಿದಿಡುವುದಷ್ಟೇ ರಾಡಿನ ಕೆಲಸ. ಆಮೇಲೆ ಅದನ್ನು ತೆಗೆಯುವ ಅಗತ್ಯವಿಲ್ಲ. ಸಾಮಾನ್ಯವಾಗಿ ಬಾಗು ಮೂರರಲ್ಲಿ ಎರಡು ಪಾಲಿನಷ್ಟು ಕಡಿಮೆಯಾಗುತ್ತದೆ. ಪೂರ್ತಿ ನೆಟ್ಟಗೆ ಮಾಡಲು ಹಟ ಹಿಡಿಯುವುದಿಲ್ಲ. ಹೆಗಲು ಸಮ ಬಂದು, ತಲೆ ಸೊಂಟದ ನಡುವಿಗೆ ಕೂತರೆ ಸಾಕು. ಬೆಸೆದ ಭಾಗ ಮುಂದೆ ಬೆಳೆಯುವುದಿಲ್ಲ. ಆದರೆ ಬಾಗು ಬಿಡಿಸಿದ್ದರಿಂದ ಅಂದೇ ಒಂದೆರಡು ಸೆಂಟಿಮೀಟರ್ ಎತ್ತರ ಬಂದಿರುತ್ತದೆ. ಅವಳ ವಯಸ್ಸಿಗೆ ಎತ್ತರದಲ್ಲಿ ನಷ್ಟ ಏನಿಲ್ಲ.

ಇನ್ನು ಕಾಲಿನ ಸ್ವಾಧೀನ. ನಿಮ್ಮ ಯಜಮಾನರ ಭಯ ಸುಳ್ಳಲ್ಲ. ಮಿದುಳುಬಳ್ಳಿಗೆ ಒಂದೆರಡು ಮಿಲಿಮೀಟರ್ ಪಕ್ಕದಲ್ಲೇ ಸ್ಕ್ರೂ ಹೋಗುತ್ತದೆ. ಅಪಾಯ ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಈ ವಯಸ್ಸಿನ, ಬೇರೆ ಕಾಯಿಲೆ ಇಲ್ಲದ ಮಕ್ಕಳಲ್ಲಿ ನರಕ್ಕೆ ತೊಂದರೆ ಆಗುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಅವರಲ್ಲೂ ಹಲವರು ಚೇತರಿಸಿಕೊಳ್ಳುತ್ತಾರೆ. ಇಷ್ಟು ಇಳಿದಿರುವುದಕ್ಕೆ ದೊಡ್ಡ ಕಾರಣ ನ್ಯೂರೋಮಾನಿಟರಿಂಗ್. ನೆತ್ತಿಯ ಮೇಲೂ ಕೈಕಾಲುಗಳಲ್ಲೂ ಸಣ್ಣ ಸೂಜಿ ಚುಚ್ಚಿ, ಮಿದುಳಿನಿಂದ ಕಾಲಿಗೆ ಸಂದೇಶ ಸರಿಯಾಗಿ ಹೋಗುತ್ತಿದೆಯಾ ಅಂತ ಆಪರೇಷನ್ ಉದ್ದಕ್ಕೂ ಪರದೆಯ ಮೇಲೆ ನೋಡುತ್ತಿರುತ್ತಾರೆ. ಗೆರೆ ಕುಸಿದರೆ ಕೈ ತಡೆಯುತ್ತೇವೆ. ರಕ್ತದೊತ್ತಡ ಏರಿಸುತ್ತೇವೆ, ಬಿಗಿದದ್ದನ್ನು ಸಡಿಲಿಸುತ್ತೇವೆ, ಬೇಕಾದರೆ ಸ್ಕ್ರೂ ಬಿಚ್ಚುತ್ತೇವೆ. ಮೊದಲೆಲ್ಲಾ ಆಪರೇಷನ್ ಮಧ್ಯದಲ್ಲೇ ಅರಿವಳಿಕೆ ಇಳಿಸಿ "ಕಾಲು ಬೆರಳು ಆಡಿಸು" ಅಂತ ಹೇಳಿ ನೋಡುತ್ತಿದ್ದರು. ಮಾನಿಟರ್ ಮೇಲೆ ಅನುಮಾನ ಬಂದರೆ ಈಗಲೂ ಅದನ್ನು ಮಾಡುವುದುಂಟು. ನೀವು ಹೋಗುವ ಆಸ್ಪತ್ರೆಯಲ್ಲಿ ನ್ಯೂರೋಮಾನಿಟರಿಂಗ್ ಇಲ್ಲದಿದ್ದರೆ ಬೇರೆ ಆಸ್ಪತ್ರೆ ನೋಡಿ. ಈ ಒಂದು ಮಾತಿನಲ್ಲಿ ನಾನು ರಾಜಿ ಆಗುವುದಿಲ್ಲ.

ಊರಲ್ಲಿ ಕೇಳುವ ಕಥೆಗಳು ಎಷ್ಟೋ ಸಲ ಹಳೆಯ ಕಾಲದವು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಾಲ್ ಹ್ಯಾರಿಂಗ್ಟನ್ ಪೋಲಿಯೋ ಮಕ್ಕಳಿಗಾಗಿ ರೂಪಿಸಿದ ರಾಡು 1960ರ ದಶಕದಲ್ಲಿ ಬಳಕೆಗೆ ಬಂತು. ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ, ಆಮೇಲೆ ತಿಂಗಳುಗಟ್ಟಲೆ ಪ್ಲಾಸ್ಟರ್. ಬಾಗು ಇಳಿಯುತ್ತಿತ್ತು, ಆದರೆ ಸೊಂಟದ ಸಹಜ ಒಳಬಾಗೂ ಚಪ್ಪಟೆಯಾಗಿ ಮುಂದೆ ನೋವು ಬರುತ್ತಿತ್ತು. ಈಗಿನ ಸ್ಕ್ರೂಗಳಲ್ಲಿ ಪ್ಲಾಸ್ಟರ್ ಬೇಡ. ಒಂದೆರಡು ದಿನದಲ್ಲೇ ಎಬ್ಬಿಸಿ ನಿಲ್ಲಿಸುತ್ತಾರೆ.

ಬೇರೆ ಅಪಾಯಗಳೂ ಇವೆ. ನೂರರಲ್ಲಿ ಒಬ್ಬಿಬ್ಬರಿಗೆ ಸೋಂಕಾಗಬಹುದು. ಮೊಡವೆಯ ಕ್ರಿಮಿಯೇ ರಾಡಿನ ಸುತ್ತ ಸೇರಿಕೊಂಡು ವರ್ಷಗಳ ಮೇಲೆ ಕೀವಾಗುವುದೂ ಉಂಟು. ಹಾಗಾಗಿ ಮಗಳ ಬೆನ್ನಲ್ಲಿ ಮೊಡವೆ ಇದ್ದರೆ ಮೊದಲೇ ಹೇಳಿ, ಚರ್ಮದ ಡಾಕ್ಟರಿಗೆ ತೋರಿಸಿ. ರಕ್ತ ಹೋಗುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಈಗಿನಿಂದಲೇ ಕಬ್ಬಿಣದ ಮಾತ್ರೆ ಶುರು ಮಾಡಿಸಿ. ನಮ್ಮ ಕಡೆ ಈ ವಯಸ್ಸಿನ ಹುಡುಗಿಯರಲ್ಲಿ ಅದು ಕಡಿಮೆ ಇರುವುದೇ ಜಾಸ್ತಿ. ಸ್ಕ್ರೂ ಸಡಿಲವಾಗಿ, ಮೂಳೆ ಸರಿಯಾಗಿ ಬೆಸೆಯದೆ, ಕೆಳಗಿನ ಬಾಗು ಬೆಳೆದು ಮತ್ತೊಮ್ಮೆ ಆಪರೇಷನ್ ಬೇಕಾಗುವವರೂ ಕೆಲವರಿರುತ್ತಾರೆ. ಮೊದಲ ಮೂರು ದಿನ ನೋವು ಜೋರಾಗಿಯೇ ಇರುತ್ತದೆ, ಔಷಧಿ ಕೊಡುತ್ತಾರೆ. ವಾರದೊಳಗೆ ಮನೆಗೆ, ತಿಂಗಳು ಒಂದೂವರೆ ತಿಂಗಳಿಗೆ ಸ್ಕೂಲಿಗೆ.

ಹಗ್ಗದ ಆಪರೇಷನ್ ಬಗ್ಗೆ ಯೂಟ್ಯೂಬಿನಲ್ಲಿ ನೋಡಿರಬಹುದು. ಪಕ್ಕೆಯಿಂದ ಹೋಗಿ, ಬಾಗಿನ ಹೊರ ಬದಿಯ ಮೂಳೆಗಳಿಗೆ ಸ್ಕ್ರೂ ಹಾಕಿ ಹಗ್ಗದಿಂದ ಬಿಗಿಯುತ್ತಾರೆ. ಆ ಬದಿ ನಿಧಾನವಾಗಿ, ಇನ್ನೊಂದು ಬದಿ ಬೇಗ ಬೆಳೆದು ಬಾಗು ತಾನೇ ಇಳಿಯಲಿ ಅನ್ನುವ ಲೆಕ್ಕ. ಬೆನ್ನಿನ ಬಳುಕು ಉಳಿಯುತ್ತದೆ. ಅಮೆರಿಕದಲ್ಲಿ 2019ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಆದರೆ ಆ ಹಗ್ಗ ತುಂಡಾಗುವುದು, ಬಾಗು ಇನ್ನೊಂದು ಕಡೆಗೆ ಹೋಗುವುದು, ಮತ್ತೆ ಆಪರೇಷನ್ ಆಗುವುದು ಬೆಸೆಯುವ ವಿಧಾನಕ್ಕಿಂತ ಜಾಸ್ತಿ. ಕೇಳಿ ನೋಡಿ, ತಪ್ಪಿಲ್ಲ. ನಾನಾದರೆ ನಿಮ್ಮ ಮಗಳಿಗೆ ಅದನ್ನು ಮೊದಲ ಆಯ್ಕೆ ಮಾಡುವುದಿಲ್ಲ.

ಭರತನಾಟ್ಯದ ವಿಷಯಕ್ಕೆ ಬಂದರೆ, ಬೆಸುಗೆ ಕೆಳಗೆ ಎಲ್ಲಿಗೆ ನಿಲ್ಲುತ್ತದೆ ಅನ್ನುವುದೇ ಮುಖ್ಯ. ಎದೆಯ ಭಾಗದ ಬೆನ್ನುಮೂಳೆ ಮೊದಲೇ ಅಷ್ಟಾಗಿ ಬಗ್ಗುವುದಿಲ್ಲ, ಅದನ್ನು ಬೆಸೆದರೆ ಕಳೆದುಕೊಳ್ಳುವುದು ಕಡಿಮೆ. ಬಗ್ಗುವುದು ಬಹುಪಾಲು ಸೊಂಟದ ಮೂಳೆಗಳು. ನಿಮ್ಮ ಮಗಳ ಸೊಂಟದ 26 ಡಿಗ್ರಿ ಮೇಲಿನ ಬಾಗನ್ನು ಸರಿದೂಗಿಸಲು ಬಂದಿರುವಂತೆ ಕಾಣುತ್ತದೆ. ಅವಳನ್ನು ಪಕ್ಕಕ್ಕೆ ಬಗ್ಗಿಸಿ ತೆಗೆದ ಎಕ್ಸ್‌ರೇಯಲ್ಲಿ ಆ ಬಾಗು ಚೆನ್ನಾಗಿ ಬಿಡಿಸಿಕೊಂಡರೆ, ಮೇಲಿನದನ್ನು ಮಾತ್ರ ಬೆಸೆದು ಸೊಂಟವನ್ನು ಬಿಡಬಹುದು. ಮೇಲಿನದು ನೆಟ್ಟಗಾದ ಮೇಲೆ ಕೆಳಗಿನದು ತಾನಾಗಿ ಇಳಿಯುತ್ತದೆ. ಹೀಗಾದರೆ ಅರೆಮಂಡಿಗೆ ತೊಂದರೆ ಇಲ್ಲ, ಅದು ತೊಡೆಯ ಕೀಲು ಮತ್ತು ಮಂಡಿಯ ಕೆಲಸ. ಅಡವು, ಹಸ್ತ, ಜತಿ ಎಲ್ಲ ಬರುತ್ತವೆ. ಹಿಂದಕ್ಕೆ ಬಿಲ್ಲಿನಂತೆ ಬಾಗುವ ಭಂಗಿಗಳಲ್ಲಿ ಮಾತ್ರ ಮೊದಲಿನ ಬಳುಕು ಬರುವುದಿಲ್ಲ. ಸುಮಾರು ಆರು ತಿಂಗಳ ನಂತರ, ಸರ್ಜನ್ ಎಕ್ಸ್‌ರೇ ನೋಡಿ ಹೂಂ ಅಂದ ಮೇಲೆ ಗೆಜ್ಜೆ ಕಟ್ಟಲಿ. "ಕೊನೆಯ ಸ್ಕ್ರೂ ಯಾವ ಮೂಳೆಗೆ ಬರುತ್ತೆ, ಯಾಕೆ" ಅಂತ ಸರ್ಜನ್ನರನ್ನು ಕೇಳಿ. ಮಗಳನ್ನೂ ಆ ಮಾತುಕತೆಯಲ್ಲಿ ಕೂರಿಸಿಕೊಳ್ಳಿ. ಬೆನ್ನು ಅವಳದು.

ಮದುವೆ, ಹೆರಿಗೆಗೆ ಅಡ್ಡಿಯಿಲ್ಲ. ಬ್ರಿಟನ್ನಿನ ರಾಜಕುಮಾರಿ ಯುಜಿನಿ ಹನ್ನೆರಡನೇ ವಯಸ್ಸಿಗೆ ಈ ಬಾಗಿಗೆ ಆಪರೇಷನ್ ಮಾಡಿಸಿಕೊಂಡವರು. 2018ರಲ್ಲಿ ಮದುವೆಯ ದಿನ ಗಾಯದ ಗೆರೆ ಕಾಣುವ ಹಾಗೇ ಉಡುಪು ಹೊಲಿಸಿಕೊಂಡಿದ್ದರು. ಈಗ ಇಬ್ಬರು ಮಕ್ಕಳ ತಾಯಿ. ನೆಂಟರ ಬಾಯಿ ಮುಚ್ಚಿಸಲು ರಾಜಕುಮಾರಿಯೇ ಬೇಕೆಂದೇನಿಲ್ಲ, ಆದರೂ ಆ ಫೋಟೋ ಮಗಳಿಗೆ ತೋರಿಸಿ. ಒಂದು ಎಚ್ಚರಿಕೆ: ಹೆರಿಗೆ ಸಮಯದಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಬೆಸುಗೆ ಎಲ್ಲಿಯವರೆಗಿದೆ ಅಂತ ಅರಿವಳಿಕೆ ತಜ್ಞರಿಗೆ ಗೊತ್ತಿರಬೇಕು. ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ ಜೋಪಾನವಾಗಿಡಿ.

ಖರ್ಚಿನಲ್ಲಿ ದೊಡ್ಡ ಪಾಲು ಸ್ಕ್ರೂ, ರಾಡುಗಳದ್ದು. ಎಷ್ಟು ಸ್ಕ್ರೂ, ಒಂದಕ್ಕೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಹೋಗಿ, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಏನು ಸೇರುತ್ತೆ, ಇಂಪ್ಲಾಂಟ್ ಹಣ ಅದರೊಳಗೇ ಬರುತ್ತಾ ಅಂತ ವಿಚಾರಿಸಿ. ಸರ್ಜನ್ನರನ್ನು "ವರ್ಷಕ್ಕೆ ಇಂಥ ಎಷ್ಟು ಮಕ್ಕಳಿಗೆ ಮಾಡುತ್ತೀರಿ" ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ.

ಕೊನೆಗೆ ಚಿಕ್ಕ ಮಗಳು. ಅಕ್ಕನಿಗೆ ಇದ್ದರೆ ತಂಗಿಗೆ ಬರುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಸ್ವಲ್ಪ ಜಾಸ್ತಿ, ಆದರೆ ಬಂದೇ ಬರುತ್ತದೆ ಅಂತಿಲ್ಲ. ಅವಳ ಜಡೆಯನ್ನು ಮುಂದಕ್ಕೆ ಹಾಕಿ, ಬೆನ್ನು ಕಾಣುವ ಹಾಗೆ ನಿಲ್ಲಿಸಿ. ಪಾದ ಜೋಡಿಸಿ, ಮಂಡಿ ಮಡಿಸದೆ, ಎರಡು ಅಂಗೈ ಸೇರಿಸಿಕೊಂಡು ನಿಧಾನಕ್ಕೆ ಮುಂದೆ ಬಗ್ಗಲಿ. ನೀವು ಹಿಂದೆ ಕೂತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಒಂದು ಕಡೆ ಪಕ್ಕೆ ಉಬ್ಬಿ ನಿಂತಿದ್ದರೆ ಸ್ಪೈನ್ ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ಬೇಕಾ ಬೇಡವಾ ಅಂತ ಅವರು ಅಳೆದು ಹೇಳುತ್ತಾರೆ. ಉಬ್ಬು ಇಲ್ಲದಿದ್ದರೆ ಸುಮ್ನೆ ಎಕ್ಸ್‌ರೇ ತೆಗೆಸಬೇಡಿ. ಆರು ತಿಂಗಳಿಗೊಮ್ಮೆ ಹೀಗೇ ಬಗ್ಗಿಸಿ ನೋಡುತ್ತಾ, ಅವಳು ದೊಡ್ಡವಳಾಗಿ ಎರಡು ವರ್ಷ ಆಗುವ ತನಕ ಮುಂದುವರಿಸಿ. 20-25 ಡಿಗ್ರಿಯಲ್ಲೇ ಸಿಕ್ಕಿಬಿದ್ದರೆ ಅವಳಿಗೆ ಬ್ರೇಸಿನಲ್ಲೇ ಮುಗಿಯಬಹುದು.